ಹಲಗೆಯ ಮೇಲಿನ ಹೊಲ

ಜಹೀರಾಬಾದ್
4 ನವೆಂಬರ್ 2024

ಸ್ವರೂಪಾ,

ನಿನ್ನ ಫೋನ್ ಬಂದಿತ್ತೆಂದು ನಿಮ್ಮವ್ವ ಸ್ಲೇಟಿನ ಮೇಲೆ ಬರೆದು ತೋರಿಸಿದಳು. ನೀನು ಏನೇನು ಹೇಳಿದಿ ಎಂದು ಪೂರ್ತಿ ಬರೆಯಲು ಅವಳಿಗೆ ಬೇಸರ. 'ಆರಾಮ ಇದ್ದಾಳ' ಎಂದಷ್ಟೇ ಬರೆದು ಒಲೆಯ ಕಡೆ ಹೋದಳು. ಎಡಗಿವಿಗೆ ಚೂರು ಕೇಳುತ್ತಿದ್ದದ್ದೂ ದೀಪಾವಳಿಯ ಹೊತ್ತಿಗೆ ಹೋಯಿತು. ಬಸ್ ಡಿಪೋದಲ್ಲಿ ಇಂಜಿನ್ನುಗಳ ಕೆಳಗೆ ಮಲಗಿ ಕಳೆದ ವರ್ಷಗಳಿಗೆ ಇದು ಸಂಬಳದ ಮೇಲಿನ ಭತ್ಯೆ ಎಂದುಕೊಳ್ಳುತ್ತೇನೆ. ಇನ್ನು ಮೇಲೆ ನಮ್ಮಿಬ್ಬರದೂ ಕಾಗದದ ಮಾತು.

ಮನೂರಿನ ಹೊಲ ಭಾಗವಾಗಲೇಬೇಕಾಗಿದೆ. ನಿಮ್ಮ ಕಾಕಾ ಲಿಂಗರಾಜ ತನ್ನ ಪಾಲನ್ನು ಪ್ಲಾಟು ಮಾಡುವವರಿಗೆ ಕೊಡುತ್ತಾನೆ. ಹೋದ ವರ್ಷ ನಾರಾಯಣಖೇಡದ ಅವನ ಮನೆಯಲ್ಲಿ ಎಲ್ಲರೂ ಕೂತು ಇದನ್ನೇ ಮಾತಾಡಿದಾಗ ನಾನೂ ಅಲ್ಲಿದ್ದೆ. ಆ ಗದ್ದಲದಲ್ಲಿ ನನಗೆ ಏನೂ ಕೇಳಿಸಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು, ನಾನು ತಲೆ ಆಡಿಸಿದೆ. ಹಾಗೆ ನಾನು ಒಪ್ಪಿದಂತಾಯಿತು. ಅಂದಿನಿಂದ ತಮ್ಮನೂ ನಾನೂ ಮಾತು ಬಿಟ್ಟಿದ್ದೇವೆ. ಕಿವುಡನ ಜೊತೆ ಮಾತು ಬಿಡುವುದು ಕಷ್ಟದ ಕೆಲಸವೇನಲ್ಲ.

ಹೊಲ ಇನ್ನೂ ನನ್ನವ್ವನ ಹೆಸರಿನಲ್ಲಿದೆ. ಹೆಬ್ಬೆಟ್ಟು ಒತ್ತುವ ಮೊದಲು ನಿಮ್ಮ ಆಯಿ ಕೇಳುವುದು ಒಂದೇ: ಹೊಲದಲ್ಲಿರುವ ಮುತ್ಯಾನ ಸಮಾಧಿಯ ಮಗ್ಗುಲಲ್ಲೇ ತನ್ನನ್ನೂ ಮಣ್ಣು ಮಾಡಬೇಕು. ಭಾಗ ಹೇಗೆ ಬಿದ್ದರೂ ಆ ಜಾಗ ಕೈತಪ್ಪಬಾರದು. ಅದನ್ನು ತಾನೇ ನೋಡಿ ಖಾತ್ರಿ ಮಾಡಿಕೊಳ್ಳಬೇಕಂತೆ. ನೋಡುವುದು ಹೇಗೆ? ಎರಡೂ ಕಣ್ಣು ಹೋಗಿವೆ. ಸೊಂಟ ಮುರಿದ ಮೇಲೆ ಹೊಲದ ತನಕ ಒಯ್ಯುವಂತೆಯೂ ಇಲ್ಲ. ನಾನು ಕಾಗದದ ಮೇಲೆ ಗೆರೆ ಎಳೆದರೆ ಆಕೆಗೆ ಕಾಣದು, ಆಕೆ ಬಾಯಿಬಿಟ್ಟು ಹೇಳಿದರೆ ನನಗೆ ಕೇಳದು. ಅದಕ್ಕೆ ಹಳೆಯ ಬಾಗಿಲಿನ ಹಲಗೆಯ ಮೇಲೆ ಹೊಲವನ್ನೇ ಚಿಕ್ಕದಾಗಿ ಮಾಡುತ್ತಿದ್ದೇನೆ. ಕೈಯಾಡಿಸಿ ನೋಡಲಿ.

ಪದ್ಧತಿ ನಿನಗೆ ಗೊತ್ತು. ಹಿರಿಯವನು ಭಾಗ ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಆದ್ದರಿಂದ ಗೆರೆ ಎಳೆಯುವ ಕೆಲಸ ನನ್ನದು.

ಎರೆಮಣ್ಣು ಸೋಸಿ ಅಂಟಿಸಿದ್ದೇನೆ. ಬೋರಿಗೆ ಒಂದು ಬೋಲ್ಟು, ರಸ್ತೆಗೆ ಉಸುಕಿನ ಕಾಗದದ ಪಟ್ಟಿ, ಬೇವಿನ ಮರಕ್ಕೆ ಬೇವಿನದೇ ಕಡ್ಡಿ. ಗೋಡೆಯೊಂದು ಆಗುತ್ತಿಲ್ಲ. ಸಮಾಧಿಯ ಸುತ್ತಲಿನ ಗೋಡೆ ನಿನಗೆ ನೆನಪಿರಬೇಕು, ಮುತ್ಯಾ ಬದುಕಿದ್ದಾಗಲೇ ಹೊಲದ ಕಲ್ಲು ಆರಿಸಿ ಆರಿಸಿ ತಾನೇ ಒಟ್ಟಿದ್ದು. ಥರ್ಮಾಕೋಲಿನಲ್ಲಿ ಕೊರೆದೆ, ಒತ್ತಿದರೆ ಪುಡಿಯಾಯಿತು. ಮಣ್ಣಿನದು ಬಿರಿಯಿತು. ತಾಂಡೂರಿನಲ್ಲಿ ಅಂಥದ್ದೇನಾದರೂ ಸಿಗುತ್ತದೆಯೇ ನೋಡು.

ನಿನ್ನ ಅಪ್ಪ
ಮೊಗಲಪ್ಪ


ತಾಂಡೂರು
21 ನವೆಂಬರ್ 2024

ಅಪ್ಪಾ,

ಉತ್ತರ ತಡವಾಯಿತು. ಆಫೀಸಿನಲ್ಲಿ ಬಿಲ್ಲು ಬರೆದು ಬರೆದು ಸಂಜೆಗೆ ಪೆನ್ನು ಹಿಡಿಯಲು ಮನಸ್ಸಾಗುವುದಿಲ್ಲ. ಎಂ.ಎ. ಓದುವಾಗ ಬರೆಯಬೇಕೆಂದುಕೊಂಡದ್ದೆಲ್ಲ ಈಗ 'ಪಾಲಿಶ್ ಕಲ್ಲು, ನೀಲಿ, ಒಂದು ಲೋಡ್' ಎಂಬಲ್ಲಿಗೆ ಬಂದು ನಿಂತಿದೆ.

ಮೊದಲು ಆಟಿಗೆ ಸಾಮಾನಿನ ಅಂಗಡಿಗೆ ಹೋದೆ. 'ಚಿಕ್ಕ ಗೋಡೆ ಇದೆಯೇ' ಎಂದು ಕೇಳಲು ನಾಚಿಕೆಯಾಗಿ ಅರ್ಧ ತಾಸು ಚೆಂಡುಗಳನ್ನೇ ನೋಡುತ್ತ ನಿಂತೆ. ಕೊನೆಗೆ ಅಂಗಡಿಯವನೇ ಕೇಳಿದ, "ಯಾ ವಯಸ್ಸಿನ ಹುಡುಗುರಿಗ್ರಿ?" ಎಂಬತ್ತು ದಾಟಿದವರಿಗೆ ಎಂದು ಹೇಳಲಾಗಲಿಲ್ಲ. ಒಂದು ಚೆಂಡು ಕೊಂಡು ಬಂದೆ. ಅದು ಕೋಣೆಯ ಮೂಲೆಯಲ್ಲಿದೆ.

ಆಮೇಲೆ ಫೋನಿನಲ್ಲಿ ಹುಡುಕಿ ತರಿಸಿದೆ. ಪ್ಲಾಸ್ಟಿಕ್ಕಿನ ಗೋಡೆ. ಜೊತೆಗೆ ಎರಡು ಕಂದು ಆಕಳು, ಒಂದು ಗೇಟು, ಟೊಪ್ಪಿಗೆ ಹಾಕಿದ ಒಬ್ಬ ರೈತ. ಗೋಡೆಯ ಪ್ರತಿ ಇಟ್ಟಿಗೆಯೂ ಒಂದೇ ಅಳತೆಯದು. ಮುತ್ಯಾ ಒಟ್ಟಿದ್ದು ಹಾಗಿರಲಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಚಪ್ಪಡಿಯ ಅಂಚು ಕೊಯ್ದಾಗ ಸಣ್ಣ ಸಣ್ಣ ಚೂರು ಬೀಳುತ್ತವೆ. ಅವನ್ನು ಯಾರೂ ಕೇಳುವುದಿಲ್ಲ. ಆದರೂ ಕೇಳದೆ ಎತ್ತಿಕೊಳ್ಳಲು ಮನಸ್ಸಾಗದೆ, ಕೇಳಲು ಬಾಯಿ ಬರದೆ ಒಂದು ವಾರ ಸುತ್ತಾಡಿದೆ. ಕೊನೆಗೆ ಮಿಷನ್ನಿನ ಜೈಪಾಲಣ್ಣನೇ, "ಏನವ್ವಾ, ಏನರ ಕಳದಾದೇನು?" ಎಂದ. ಹೇಳಿದೆ. ಒಂದು ಬುಟ್ಟಿ ತುಂಬಿ ಕೊಟ್ಟ. ಅವುಗಳಲ್ಲಿ ತೆಳ್ಳನೆಯವನ್ನು ಆರಿಸಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಹಾಕಿದ್ದೇನೆ. ಆಕಳುಗಳನ್ನು ಕಳಿಸಿಲ್ಲ.

ನಿನ್ನ
ಸ್ವರೂಪಾ


ಜಹೀರಾಬಾದ್
9 ಡಿಸೆಂಬರ್ 2024

ಸ್ವರೂಪಾ,

ಪಾರ್ಸೆಲ್ಲು ಮುಟ್ಟಿತು. ಚೂರುಗಳನ್ನು ಮೈದಾ ಅಂಟಿನಿಂದ ಜೋಡಿಸಿದೆ. ಎರಡು ದಿನಕ್ಕೆ ಇರುವೆ ಹತ್ತಿ ಅಂಟನ್ನೆಲ್ಲ ತಿಂದವು, ಗೋಡೆ ಕೂತುಬಿಟ್ಟಿತು. ಈಗ ಪಂಕ್ಚರ್ ಹಚ್ಚುವ ಸಲ್ಯೂಷನ್ ಹಾಕುತ್ತಿದ್ದೇನೆ. ಬಸ್ಸಿನ ಹಳೆಯ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಅದರ ಮೇಲೆ ಕಲ್ಲು ಕೂರಿಸುವುದು. ಬೇಕೆಂದಲ್ಲಿ ಬಾಗುತ್ತದೆ, ಎತ್ತಿ ಇಡಲೂ ಬರುತ್ತದೆ.

ಇನ್ನೊಂದು ತೊಡಕು. ಗೋಡೆ ಇರುವುದು ಮೊಣಕಾಲೆತ್ತರ. ಹಲಗೆಯ ಅಳತೆಗೆ ಇಳಿಸಿದರೆ ಜೋಳದ ಕಾಳಿನಷ್ಟೂ ಎದ್ದು ನಿಲ್ಲುವುದಿಲ್ಲ. ಬೆರಳಿಗೆ ಸಿಗದ ಗೋಡೆ ಕಟ್ಟಿ ಏನು ಮಾಡುವುದು? ಎತ್ತರ ಮಾಡಿದರೆ ಲೆಕ್ಕ ತಪ್ಪುತ್ತದೆ. ನಿನಗೆ ಕ್ರಿಸ್‌ಮಸ್ ರಜೆ ಇದ್ದರೆ ಒಂದು ತುಂಡನ್ನು ಲಿಂಗರಾಜನ ಮನೆಗೆ ಒಯ್ದು ಆಯಿಯ ಕೈಗೆ ಕೊಟ್ಟು ನೋಡು. ನಾನು ಆ ಮನೆಗೆ ಕೆಲಸ ಮುಗಿದ ಮೇಲೇ ಹೋಗುವವನು.

ಅಪ್ಪ


ನಾರಾಯಣಖೇಡ್
27 ಡಿಸೆಂಬರ್ 2024

ಅಪ್ಪಾ,

ಕಾಕಾನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಾಕಾ ತೊಗರಿಯ ಅಡತಿ ಅಂಗಡಿಯಿಂದ ಬರುವುದು ಹೊತ್ತಾಗುತ್ತದೆ. ಬಂದವನು ನಿನ್ನ ಬಗ್ಗೆ ಏನೂ ಕೇಳುವುದಿಲ್ಲ. ಊಟ ಮುಗಿಸಿ ಕೈತೊಳೆಯುವಾಗ, ಗೋಡೆಗೆ ಹೇಳಿದ ಹಾಗೆ, "ಬಿಪಿ ಗುಳಗಿ ತಗೋತಾನೋ ಇಲ್ಲೋ" ಅಂದ. ತಗೋತಾನ ಅಂದೆ.

ತಾಂಡೂರಿನ ಕಲ್ಲಿನ ತುಂಡನ್ನು ಆಯಿಯ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಒಮ್ಮೆ ಸವರಿ ಹೊರಳಿಸಿ ಕೊಟ್ಟುಬಿಟ್ಟಳು.

"ಇದು ಹಾಸಗಲ್ಲು. ಮನಿ ಕಟ್ಟಾಕ ಚಲೋ. ನಿಮ್ಮ ಮುತ್ಯಾ ಒಟ್ಟಿದ್ದು ಕರಿಗಲ್ಲು, ಮಗಾ. ಕೈಗಿ ಹತ್ತತಿತ್ತು ಅದು."

"ಎತ್ತರ ಎಷ್ಟಿರಬೇಕು ಆಯಿ?"

"ಇದ್ದಷ್ಟೇ ಇರಲಿ ಅನ್ನು. ನನ್ನ ಬೆರಳಿಗಿ ಸಿಗಲಿಲ್ಲಂದ್ರ ನಾ ಕೇಳತೀನಿ."

ನಿನ್ನೆ ಶೇರ್ ಆಟೋದಲ್ಲಿ ಮನೂರಿಗೆ ಹೋಗಿ ಬಂದೆ. ತೊಗರಿ ಕೊಯ್ದಾಗಿದೆ, ಜೋಳ ನಿಂತಿದೆ. ಸಮಾಧಿಯ ಗೋಡೆಯೊಳಗೆ ಹೋಗಿ ಬೇವಿನ ನೆರಳಿಗೆ ಕೂತು ಗೋಡೆಯ ಬುಡದಲ್ಲಿ ಉದುರಿದ ಕರಿಕಲ್ಲಿನ ಚೂರುಗಳನ್ನು ಜರಡಿ ಹಿಡಿದೆ. ಜರಡಿ ಕೌಶಲ್ಯಾ ಚಿಗವ್ವನದು. ಕೊಡುವಾಗ ನಕ್ಕಳು: "ಇಷ್ಟೆಲ್ಲ ಓದಿ ಖಡಿ ಆರಸಾಕ ಹೊಂಟೀದಿ ನೋಡು. ನಮ್ಮ ಮನ್ಯಾಗಿನ ಅಕ್ಕಿನಾದ್ರೂ ಆರಸಿದ್ರ ಪುಣ್ಯ ಬರ್ತಿತ್ತು." ರಾತ್ರಿ ಅಕ್ಕಿಯನ್ನೂ ಆರಿಸಿ ಕೊಟ್ಟೆ.

ಹೊಲದಲ್ಲಿ ಯಾರೂ ಇರಲಿಲ್ಲ. ತುಂಬ ದಿನಗಳ ಮೇಲೆ ಒಬ್ಬಳೇ ಸುಮ್ಮನೆ ಕೂತಿದ್ದೆ. ಎದ್ದು ಬರಲು ಮೈ ಭಾರವಾಗಿತ್ತು.

ಚೂರುಗಳನ್ನು ಎರಡು ಚೀಲಗಳಲ್ಲಿ ತುಂಬಿ ಕಳಿಸುತ್ತಿದ್ದೇನೆ. ದಪ್ಪನೆಯವು ಬುಡಕ್ಕೆ, ಸಣ್ಣವು ಮೇಲಕ್ಕೆ.

ಸ್ವರೂಪಾ


ಜಹೀರಾಬಾದ್
22 ಜನವರಿ 2025

ಸ್ವರೂಪಾ,

ಗೋಡೆ ಆಯಿತು. ಇಷ್ಟು ಚೆಂದದ ಕೆಲಸ ನಾನು ನೌಕರಿಯಲ್ಲಿದ್ದಾಗಲೂ ಮಾಡಿರಲಿಲ್ಲ. ಕಲ್ಲಿಗೆ ಕಲ್ಲು ಕಚ್ಚಿ ಕೂತಿವೆ. ಸಮಾಧಿಯ ಸುತ್ತ ಬೆರಳಾಡಿಸಿದರೆ ಎಲ್ಲಿಯೂ ಒಂದು ಸಂದು ಸಿಗುವುದಿಲ್ಲ. ನಿಮ್ಮವ್ವ ನೋಡಿ ಸ್ಲೇಟಿನ ಮೇಲೆ 'ಛಲೋ ಆಗ್ಯಾದ' ಎಂದು ಬರೆದಳು. ಅವಳು ಅಷ್ಟು ಬರೆಯುವುದೇ ಹೆಚ್ಚು.

ಇನ್ನು ಭಾಗದ ಮಾತು. ಹೊಲ ಉದ್ದಕ್ಕಿದೆ. ಒಂದು ತುದಿಗೆ ರಸ್ತೆ, ನಡುವೆ ಸಮಾಧಿ. ಉದ್ದಕ್ಕೆ ಸೀಳಿದರೆ ಇಬ್ಬರಿಗೂ ರಸ್ತೆ ಸಿಗುತ್ತದೆ, ಆದರೆ ಗೆರೆ ನೆಟ್ಟಗೆ ಮುತ್ಯಾನ ಎದೆಯ ಮೇಲೆ ಹಾಯುತ್ತದೆ. ಸಮಾಧಿಯನ್ನು ಒಂದು ಕಡೆಗೆ ಬಿಟ್ಟು ಗೆರೆ ಸರಿಸಿದರೆ, ಆ ಪಾಲನ್ನೇ ಲಿಂಗರಾಜ ಆರಿಸಿದರೆ ಏನು ಮಾಡುವುದು? ಪ್ಲಾಟಿನವರು ಸಮಾಧಿ ಉಳಿಸುತ್ತಾರೆಯೇ? ಅದಕ್ಕೆ ನಾನು ಅಡ್ಡಕ್ಕೆ ಸೀಳಿದ್ದೇನೆ. ಸಮಾಧಿಯ ಮುಂದಿನಿಂದ ಈ ಬದುವಿನಿಂದ ಆ ಬದುವಿನ ತನಕ ಒಂದು ಗೋಡೆ. ಮುಂದಿನ ಭಾಗಕ್ಕೆ ರಸ್ತೆ, ಬೋರು. ಹಿಂದಿನದಕ್ಕೆ ಕಲ್ಲು, ಬೇವು, ಸಮಾಧಿ. ಯಾರಾದರೂ ಆರಿಸುವುದು ಮುಂದಿನದನ್ನೇ.

ಫೆಬ್ರುವರಿಯಲ್ಲಿ ಒಯ್ಯುತ್ತೇನೆ.

ಅಪ್ಪ


ತಾಂಡೂರು
3 ಫೆಬ್ರುವರಿ 2025

ಅಪ್ಪಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನೀನು ನೀರು, ರಸ್ತೆ ಎರಡನ್ನೂ ಬಿಟ್ಟು ಕಲ್ಲನ್ನು ಇಟ್ಟುಕೊಂಡೆ. ಅವ್ವನಿಗೆ ಇದನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದ್ದೀಯೋ ಇಲ್ಲವೋ ನಾನು ಕೇಳುವುದಿಲ್ಲ.

ಕಾಕಾ ಮೋಸಗಾರನಲ್ಲ ಅಪ್ಪಾ. ಎರಡು ಹುಡುಗಿಯರ ಓದು, ಮಂಡಿನೋವು, ದಿನವೆಲ್ಲ ತೊಗರಿಯ ಧೂಳು. ಅವನೂ ದಣಿದಿದ್ದಾನೆ. ನೇರ ಕೇಳಿದರೆ ಏನಾದರೂ ಹೇಳುತ್ತಿದ್ದನೇನೋ. ಆದರೆ ಕೇಳುವವರು ಯಾರು? ನೀನು ಕೇಳಿಸಿಕೊಳ್ಳಲಾರೆ, ಅವನು ಬರೆಯಲೊಲ್ಲ, ನನಗೆ ಇಬ್ಬರ ಮುಂದೆಯೂ ಬಾಯಿ ಬರುವುದಿಲ್ಲ.

ಈ ತಿಂಗಳು ನನಗೆ ರಜೆ ಸಿಗುವುದಿಲ್ಲ. ಬಸ್ಸಿನಲ್ಲಿ ಹಲಗೆಯನ್ನು ಮೇಲೆ ಹಾಕಿಸಬೇಡ, ಮಡಿಲ ಮೇಲಿಟ್ಟುಕೊ.

ಸ್ವರೂಪಾ


ನಾರಾಯಣಖೇಡ್
24 ಫೆಬ್ರುವರಿ 2025

ಸ್ವರೂಪಾಳಿಗೆ ಕಾಕಾನ ಆಶೀರ್ವಾದ.

ಈ ಕಾಗದವನ್ನು ನಿಮ್ಮಪ್ಪನಿಗೇ ಬರೆಯಬೇಕಾಗಿತ್ತು. ಕೂತೆ, ಕೈ ಬರಲಿಲ್ಲ. ನೀನು ಓದಿ ಹಾಗೇ ಅವನಿಗೆ ಕಳಿಸು. ನಿನ್ನೆ ಇಲ್ಲಿ ಆದದ್ದರಲ್ಲಿ ಅವನಿಗೆ ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ.

ಭಾನುವಾರ ಮಧ್ಯಾಹ್ನ ಹಲಗೆಯನ್ನು ಗೋಣಿಯಲ್ಲಿ ಸುತ್ತಿಕೊಂಡು ಬಂದ. ಅವ್ವನ ಮುಂದೆ ಇಟ್ಟ. ಅವಳು ರಸ್ತೆಯಿಂದ ಶುರು ಮಾಡಿದಳು. ಬೋರು ಹಿಡಿದಳು, ಬೇವಿನ ಕಡ್ಡಿ ಹಿಡಿದಳು. ಗೋಡೆಗೆ ಕೈ ತಾಗಿದಾಗ ತುಸು ಹೊತ್ತು ಅಲ್ಲೇ ಬಿಟ್ಟಳು. "ಅವರ ಗ್ವಾಡಿನೇ" ಅಂದಳು. ಅವಳ ಮುಖ ನೋಡಿಯೇ ನಿಮ್ಮಪ್ಪನಿಗೆ ತಿಳಿಯಿತು; ಅವನ ಮುಖ ನೀನು ನೋಡಬೇಕಾಗಿತ್ತು.

ಆಮೇಲೆ ಗೋಡೆಯನ್ನು ಒಂದು ಸುತ್ತು ಬಂದಳು. ಮತ್ತೊಂದು ಸುತ್ತು ಬಂದಳು.

"ಮೊಗಲಪ್ಪಾ, ಬಾಗ್ಲಾ ಎಲ್ಲಿಟ್ಟಿ?"

ಅವನು ತಲೆ ಆಡಿಸಿದ.

ನಿಜದ ಗೋಡೆಯಲ್ಲಿ ಬೇವಿನ ಕಡೆ ಆಳು ಹೋಗುವಷ್ಟು ಸಂದು ಇದೆ. ಇವನು ಕಲ್ಲು ಕೂರಿಸುವ ಹುರುಪಿನಲ್ಲಿ ಅದನ್ನೂ ಮುಚ್ಚಿಬಿಟ್ಟಿದ್ದಾನೆ. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಅವ್ವ ಭಾಗದ ಗೋಡೆ ಹಿಡಿದು ಈ ಬದುವಿನಿಂದ ಆ ಬದುವಿನ ತನಕ ಹೋದಳು. ಅಲ್ಲಿಯೂ ದಾರಿ ಇಲ್ಲ.

"ಈ ಮುಂದಿಂದು ಲಿಂಗ್ಯಾ ತಗೋತಾನ. ಮಾರತಾನ. ನಾ ಹಿಂದ ಉಳೀತೀನಿ, ಖರೆ. ಅಲ್ಲಿಗಿ ನನ್ನ ಎಲ್ಲಿಂದ ಒಯ್ತೀರಿ? ಪ್ಲಾಟಿನವ್ರ ಅಡಗಿಮನ್ಯಾಗ ಹಾಯ್ಸಿ?"

"ಹೆಲಿಕಾಪ್ಟರ್ ತರಸ್ತಾರ ಬಿಡ್ರಿ ಅತ್ತೀ," ಅಂದಳು ನಿಮ್ಮ ಚಿಗವ್ವ. ಅವ್ವನೂ ನಕ್ಕಳು. ನಿಮ್ಮಪ್ಪ ನಾವು ನಗುವುದನ್ನು ನೋಡಿ ತಾನೂ ನಕ್ಕ. ನನಗೆ ಅದನ್ನು ನೋಡಲಾಗಲಿಲ್ಲ, ಎದ್ದು ಹೊರಗೆ ಹೋಗಿ ನಿಂತೆ. ನಾನು ರಸ್ತೆಯ ಪಾಲನ್ನೇ ಆರಿಸುತ್ತಿದ್ದೆ, ಸ್ವರೂಪಾ. ಸುಳ್ಳು ಯಾಕೆ ಹೇಳಲಿ. ಅವನಿಗೂ ಅದು ಗೊತ್ತಿತ್ತು, ಅದಕ್ಕೇ ಹಾಗೆ ಸೀಳಿದ್ದ.

ಒಳಗೆ ಬರುವಷ್ಟರಲ್ಲಿ ಅವ್ವ ಅಡ್ಡಗೋಡೆಯನ್ನು ಕಿತ್ತು ಕೈಯಲ್ಲಿ ಹಿಡಿದಿದ್ದಳು. ರಸ್ತೆಯಿಂದ ಸಮಾಧಿಯ ತನಕ ಉದ್ದಕ್ಕೆ ಇಟ್ಟಳು. ಅದರ ಪಕ್ಕ ಅಂಗೈ ಅಡ್ಡ ಇಟ್ಟು, ಇಲ್ಲಿ ಇನ್ನೊಂದು ಗೋಡೆ ಬೇಕು ಅಂದಳು. ಎರಡು ಗೋಡೆಗಳ ನಡುವೆ ದಾರಿ. ದಾರಿಯ ಆಚೆ ಒಂದು ಪಾಲು, ಈಚೆ ಒಂದು ಪಾಲು, ಇಬ್ಬರಿಗೂ ರಸ್ತೆ. ಸಮಾಧಿಯೂ ದಾರಿಯೂ ಅವಳ ಹೆಸರಿನಲ್ಲೇ ಇರುತ್ತವೆ, ಅದಕ್ಕೆ ಮಾತ್ರ ಹೆಬ್ಬೆಟ್ಟು ಒತ್ತುವುದಿಲ್ಲ. ಅವಳ ನಂತರವೂ ನಾವಿಬ್ಬರೂ ಕೂಡಿ ಸಹಿ ಮಾಡದ ಹೊರತು ಅದನ್ನು ಯಾರೂ ಮಾರುವಂತಿಲ್ಲ.

"ನೀವಿಬ್ಬರೂ ಕೂಡತೀರೇನು ಮತ್ತ?" ಅಂದಳು. "ಕೂಡಂಗಿಲ್ಲ. ಅಂದ್ರ ಅದು ಉಳೀತದ."

ಬೋರು ನನ್ನ ಕಡೆ ಬೀಳುತ್ತದೆ. ಅದರ ನೀರು ಎರಡೂ ಕಡೆಗೆ ಎಂದು ಬರೆಸೋಣ. ನಿಮ್ಮಪ್ಪನಿಗೆ ಹೇಳು. ದಾರಿಯ ಅಗಲ ಎಷ್ಟು ಎಂದು ಕೇಳಿದ್ದಕ್ಕೆ ಅವ್ವ ಅಂದದ್ದು: "ನಾಕು ಮಂದಿ ಹೊತ್ಕೊಂಡು ಹೋಗೂವಷ್ಟು."

ನಿನ್ನ ಕಾಕಾ
ಲಿಂಗರಾಜ


ತಾಂಡೂರು
1 ಮಾರ್ಚ್ 2025

ಅಪ್ಪಾ,

ಕಾಕಾನ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ನಾನು ಒಂದಕ್ಷರವನ್ನೂ ಸೇರಿಸುವುದಿಲ್ಲ. ನಿಧಾನವಾಗಿ ಓದು.

ಆ ಸಂದಿನಿಂದಲೇ ನಾನು ಡಿಸೆಂಬರಿನಲ್ಲಿ ಒಳಗೆ ಹೋಗಿ ಕೂತದ್ದು. ನಿನಗೆ ಬರೆಯುವಾಗ ನೆನಪಾಗಲೇ ಇಲ್ಲ. ಕಲ್ಲಿನ ಬಣ್ಣ, ಕಲ್ಲಿನ ಎತ್ತರ ಎಂದು ಮೂರು ತಿಂಗಳು ಬರೆದೆವು.

ಎರಡನೇ ಗೋಡೆಗೆ ಕಲ್ಲು ಸಾಲುತ್ತದೆಯೇ?

ಸ್ವರೂಪಾ


ಜಹೀರಾಬಾದ್
18 ಮಾರ್ಚ್ 2025

ಸ್ವರೂಪಾ,

ಕಲ್ಲು ಸಾಲಿತು. ಗೋಡೆ ಮಾಡಿಕೊಂಡು ಮತ್ತೆ ನಾರಾಯಣಖೇಡಕ್ಕೆ ಹೋದೆ. ಎರಡೂ ಗೋಡೆ ಇಟ್ಟಾಗ ಅಗಲ ಎಷ್ಟಿರಬೇಕೆಂಬ ಮಾತು ಬಂತು. ಒಬ್ಬೊಬ್ಬರು ಒಂದೊಂದು ಬೆರಳು ತೋರಿಸಿದರು. ಆಗ ಲಿಂಗರಾಜ ನನ್ನ ಕೈಯಿಂದ ಸ್ಲೇಟು ತೆಗೆದುಕೊಂಡು ಬರೆದ: 'ನಡಿ, ಹೋಗಿ ನೋಡೋಣ.' ಮಾತು ಬಿಟ್ಟ ಮೇಲೆ ಅವನು ನನಗೆ ಹೇಳಿದ ಮೊದಲ ಮಾತು.

ಆಟೋ ಮಾಡಿಕೊಂಡು ಹೋದೆವು. ಹೊಲವನ್ನು ಪಾಲಿಗೆ ಮಾಡುವ ಖಂಡೆಪ್ಪನ ಮನೆಯಿಂದ ಮಲಗುವ ಒಂದು ಹಗ್ಗದ ಹೊರಸು ತಂದೆವು. ಮುಂದಿನ ಎರಡು ಕಾಲಿಗೆ ನಾನೂ ಲಿಂಗರಾಜನೂ, ಹಿಂದೆ ಖಂಡೆಪ್ಪ, ಆಟೋದವನು. ಹೆಗಲ ಮೇಲಿಟ್ಟುಕೊಂಡು ರಸ್ತೆಯಿಂದ ಸಮಾಧಿಯ ಕಡೆ ನಡೆದೆವು. ನಮ್ಮಿಬ್ಬರ ಹೊರಗಿನ ಕೈಯಲ್ಲಿ ಒಂದೊಂದು ಕೋಲು, ನೆಲದಲ್ಲಿ ಗೆರೆ ಎಳೆಯುತ್ತ. ಎರೆಯ ಹೆಂಟೆಯಲ್ಲಿ ಕಾಲು ಸಿಗುವುದಿಲ್ಲ. ಲಿಂಗರಾಜನಿಗೆ ಮಂಡಿ, ನನಗೆ ಉಸಿರು. ನಡುವೆ ಎರಡು ಕಡೆ ಇಳಿಸಿದೆವು. ಅವನು ಕುಂಟಿದಾಗ ಹೊರಸು ನನ್ನ ಕಡೆ ವಾಲುತ್ತಿತ್ತು, ಅದರಿಂದಲೇ ನನಗೆ ತಿಳಿಯುತ್ತಿತ್ತು. ಸ್ಲೇಟು ಆಟೋದಲ್ಲೇ ಉಳಿದಿತ್ತು.

ಅಷ್ಟರಲ್ಲಿ ಕಡಲೆ ಕೀಳುತ್ತಿದ್ದ ಖಂಡೆಪ್ಪನ ಹೆಂಡತಿ ನಮ್ಮನ್ನು ನೋಡಿಬಿಟ್ಟಳು. ಎದೆ ಬಡಿದುಕೊಳ್ಳುತ್ತ ಓಡಿ ಬಂದಳು. ಹತ್ತಿರ ಬಂದು ಹೊರಸಿನ ಮೇಲೆ ಏನೂ ಇಲ್ಲದ್ದು ನೋಡಿ, ಅಳುವಾಗಿನ ಬಾಯಿಯಿಂದಲೇ ಬೈಯತೊಡಗಿದಳು. ಏನಂದಳೆಂದು ಹಿಂದಿರುಗುವಾಗ ಲಿಂಗರಾಜ ಆಟೋದಲ್ಲಿ ಬರೆದು ತೋರಿಸಿದ: 'ಜೀವಂತ ಮುದುಕಿದು ಅಳತಿ ತಗೋತೀರಿ, ನಿಮಗ ಮಕ್ಕಳು ಅನ್ನಬೇಕೇನ್ರಿ?' ಬರೆಯುವಾಗ ನಗುತ್ತಿದ್ದ. ಬರೆದ ಮೇಲೆ ಅವನೇ ಅದನ್ನು ಅಂಗಿಯ ತೋಳಿನಿಂದ ಒರೆಸಿದ.

ಗೆರೆಗಳ ಮೇಲೆ ಖಂಡೆಪ್ಪ ಆಮೇಲೆ ಕಲ್ಲು ಇಟ್ಟಿದ್ದಾನೆ. ಆ ಅಗಲವೇ ಆಯಿತು. ಹಲಗೆಯ ಮೇಲೆ ಅದನ್ನು ಇಳಿಸಿದೆ, ಬೇವಿನ ಕಡೆಯ ಸಂದು ತೆರೆದೆ. ಆಯಿ ರಸ್ತೆಯಿಂದ ಎರಡು ಬೆರಳು ಜೋಡಿಸಿ ಒಳಗೆ ನಡೆಸಿಕೊಂಡು ಹೋದಳು, ಸಮಾಧಿಯ ಮಗ್ಗುಲಿಗೆ ಹೋಗಿ ನಿಲ್ಲಿಸಿದಳು. ಮರುದಿನ ಎರಡೂ ಪಾಲಿಗೆ ಹೆಬ್ಬೆಟ್ಟು ಒತ್ತಿದಳು. ಲಿಂಗರಾಜ ತನ್ನದನ್ನು ಮಾರುತ್ತಾನೆ. ಮಾರಲಿ, ಅದು ಅವನ ಪಾಲು.

ಇನ್ನೊಂದು ಮಾತು, ಇದಕ್ಕಾಗಿಯೇ ಬರೆಯಲು ಕೂತದ್ದು. ನಿನ್ನೆ ಕೌಶಲ್ಯಾ ನಿಮ್ಮವ್ವನಿಗೆ ಫೋನ್ ಮಾಡಿದ್ದಳು. ನಾವು ಖಾಲಿ ಹೊರಸನ್ನೇ ಎರಡು ಕಡೆ ಇಳಿಸಿದೆವೆಂದು ಲಿಂಗರಾಜ ಆಯಿಗೆ ಹೇಳಿದ್ದಾನೆ. ಆ ದಿನದಿಂದ ಆಕೆ ಹೊತ್ತಿಗೆ ಒಂದೇ ರೊಟ್ಟಿ ತಿನ್ನುತ್ತಿದ್ದಾಳಂತೆ. ಮೈಗೆ ಏನಾಗಿದೆ ಎಂದರೆ ಏನೂ ಆಗಿಲ್ಲ ಅನ್ನುತ್ತಾಳಂತೆ. "ಹುಡುಗುರಿಗಿ ವಯಸ್ಸಾಗ್ಯಾದ, ಎತ್ತಬೇಕಲ್ಲ" ಅನ್ನುತ್ತಾಳಂತೆ.

ಯುಗಾದಿಗೆ ನೀನು ನೇರ ನಾರಾಯಣಖೇಡಕ್ಕೆ ಹೋಗು. ಮಗ್ಗುಲಲ್ಲಿ ಕೂತು ಎರಡನೆಯ ರೊಟ್ಟಿ ಮುರಿದು ಕೈಗೆ ಕೊಡು. ನಾವು ಹೊರುತ್ತೇವೆ ಎಂದು ಹೇಳು.

ನಿನ್ನ ಅಪ್ಪ
ಮೊಗಲಪ್ಪ